ಹನ್ನೊಂದು ಗಂಟೆಗೆ ಹ್ಯಾಂಗರ್ ಲೈನ್ ನಿಲ್ಲುವುದು ಯಾಕೆ?

ಪ್ರಶ್ನೆ: ಮಂಗಳೂರಿನ ಬೈಕಂಪಾಡಿ ಕಡೆ ನಮ್ಮದೊಂದು ಶರ್ಟ್ ಹೊಲಿಯುವ ಘಟಕ. ತಲೆ ಮೇಲೆ ಸುತ್ತುವ ಹ್ಯಾಂಗರ್ ಕನ್ವೇಯರ್ ಹಾಕಿಸಿದ್ದೇವೆ: ಪೀಸ್ ತೂಗುಹಾಕಿದ ಹ್ಯಾಂಗರ್ ಮುಖ್ಯ ಲೂಪ್ ಎಂಬ ಸುತ್ತು ಹಳಿಯಲ್ಲಿ ಓಡಿ, ಒಬ್ಬೊಬ್ಬ ಟೈಲರ್ ಕೂರುವ ಸ್ಟೇಷನ್‌ಗೆ ತಾನೇ ಇಳಿಯುತ್ತದೆ, ಕೆಲಸ ಮುಗಿದ ಮೇಲೆ ಮತ್ತೆ ಲೂಪ್‌ಗೆ ಬರುತ್ತದೆ. ಬೆಳಿಗ್ಗೆ 9ಕ್ಕೆ ಶುರು ಮಾಡಿದರೆ 11ರ ಹೊತ್ತಿಗೆ ಮುಖ್ಯ ಲೂಪ್ ತುಂಬಿ ಎಲ್ಲ ನಿಂತುಬಿಡುತ್ತದೆ. 20 ಸೆಕೆಂಡಿಗೆ ಒಂದು ಪೀಸ್ ಲೋಡ್ ಮಾಡುತ್ತೇವೆ. ಕಾಲರ್ ಕೂರಿಸಲು ಎರಡು ಸ್ಟೇಷನ್, ಪೀಸಿಗೆ 50 ಸೆಕೆಂಡ್. ಒಂದೊಂದು ಸ್ಟೇಷನ್‌ನಲ್ಲಿ 10 ಹ್ಯಾಂಗರಿಗೆ ಜಾಗ ಇದೆ. ಲೂಪ್‌ನಲ್ಲಿ 80 ಹಿಡಿಯುತ್ತದೆ, ಮಾಮೂಲಿಗೆ 30 ಓಡಾಡುತ್ತಿರುತ್ತವೆ. ಲೂಪ್ ಉದ್ದ ಮಾಡಿಸಿ ಎನ್ನುತ್ತಿದ್ದಾರೆ. ಮಾಡಿಸಬೇಕಾ?

ಉತ್ತರ: ಬೇಡ ಮಾರಾಯ್ರೆ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಪ್ರತಿ ಸಲವೂ ಯಾರೋ ಒಬ್ಬರು ಮೋಟಾರ್ ಬದಲಿಸಿ, ಸೆನ್ಸರ್ ಬದಲಿಸಿ, ಲೂಪ್ ಉದ್ದ ಮಾಡಿ ಎಂದು ದುಡ್ಡು ಖರ್ಚು ಮಾಡಿಸಿರುತ್ತಾರೆ. ಲೆಕ್ಕ ಮಾಡಲು ಬೇಕಾದ್ದೆಲ್ಲ ನಿಮ್ಮ ಪ್ರಶ್ನೆಯಲ್ಲೇ ಇದೆ.

ಗಂಟೆಗೆ 180 ಪೀಸ್ ಮೇಲೆ ಹತ್ತುತ್ತವೆ. ಕಾಲರ್‌ನಲ್ಲಿ ಎರಡು ಸ್ಟೇಷನ್ ಸೇರಿ ಮುಗಿಸುವುದು 144. ಉಳಿದ 36 ಎಲ್ಲಿಗೆ ಹೋಗಬೇಕು? ಮೊದಲು ಆ ಎರಡು ಸ್ಟೇಷನ್‌ನ 20 ಜಾಗ ತುಂಬುತ್ತದೆ, ಅದಕ್ಕೆ ಅರ್ಧ ಗಂಟೆ ಸಾಕು. ಆಮೇಲೆ ಬಂದ ಹ್ಯಾಂಗರಿಗೆ ಒಳಗೆ ಹೋಗಲು ಜಾಗ ಇಲ್ಲ, ಸುಮ್ನೆ ಸುತ್ತು ಹೊಡೆಯುತ್ತದೆ. ಲೂಪ್‌ನಲ್ಲಿ ಖಾಲಿ ಇದ್ದದ್ದು 50. ಗಂಟೆಗೆ 36ರಂತೆ ಅದು ತುಂಬಲು ಒಂದು ಗಂಟೆ 23 ನಿಮಿಷ. ಎರಡನ್ನೂ ಕೂಡಿಸಿ ನೋಡಿ, ಹನ್ನೊಂದಕ್ಕೆ ಸರಿಯಾಗಿ ಬಂತು ಅಲ್ವಾ? ಲೂಪ್‌ಗೆ ಇನ್ನೂ 36 ಜಾಗ ಸೇರಿಸಿದರೆ ಹನ್ನೆರಡಕ್ಕೆ ನಿಲ್ಲುತ್ತದೆ. ಅಷ್ಟೇ ಲಾಭ.

ಲೂಪ್ ತುಂಬಿದರೆ ಕಾಲರ್ ಮಾತ್ರ ಅಲ್ಲ, ಎಲ್ಲವೂ ಯಾಕೆ ನಿಲ್ಲುತ್ತದೆ ಎಂದು ಕೇಳುವವರೂ ಇದ್ದಾರೆ. ಸಂಜೆ ನಂತೂರು ಜಂಕ್ಷನ್‌ನಲ್ಲಿ ಸಿಕ್ಕಿಹಾಕಿಕೊಂಡವರಿಗೆ ಇದು ಗೊತ್ತು. ಮುಂದಿನ ರಸ್ತೆ ಖಾಲಿ ಇದ್ದರೂ ಜಂಕ್ಷನ್‌ಗೆ ಇಳಿಯಲು ನಿಮಗೆ ಸಂದಿ ಸಿಗುವುದಿಲ್ಲ. ಇಲ್ಲೂ ಹಾಗೇ. ತೋಳಿನ ಕಫ್ ಹೊಲಿದು ಮುಗಿಸಿದವರು ಹ್ಯಾಂಗರ್ ಕಳಿಸುವ ಬಟನ್ ಒತ್ತಿದರೂ ಹ್ಯಾಂಗರ್ ಹೊರಗೆ ಬರಲು ಲೂಪ್‌ನಲ್ಲಿ ಜಾಗ ಬೇಕು. ಇಲ್ಲದಿದ್ದರೆ ಅವರೂ ಕೈಕಟ್ಟಿ ಕೂರಬೇಕು.

ಈಗ ಮಾಡಬೇಕಾದ್ದು. ಲೋಡಿಂಗ್ ಸ್ಟೇಷನ್‌ಗೆ ಒಂದು ಮಿತಿ ಹಾಕಿ: ಲೂಪ್‌ನಲ್ಲಿ 55 ಆದ ಕೂಡಲೇ ಲೋಡಿಂಗ್ ನಿಲ್ಲಬೇಕು, 45ಕ್ಕೆ ಇಳಿದ ಮೇಲೆ ಮತ್ತೆ ಶುರು. 70ರವರೆಗೆ ಬಿಡಬಹುದು ಎನ್ನುವವರಿದ್ದಾರೆ, ನಾನು ಬಿಡುವುದಿಲ್ಲ, ಒಂದೇ ಹೊತ್ತಿಗೆ ನಾಲ್ಕು ಸ್ಟೇಷನ್‌ನಿಂದ ಹ್ಯಾಂಗರ್ ಹೊರಗೆ ಬಂದರೆ ಆಮೇಲೆ ಕೈಯಲ್ಲಿ ಇಳಿಸಬೇಕಾಗುತ್ತದೆ. ಲೋಡಿಂಗ್ ನಿಂತರೆ ಉತ್ಪಾದನೆ ಕಮ್ಮಿಯಾಗುತ್ತದೆ ಎಂದು ಮಾಲೀಕರು ಹೆದರುತ್ತಾರೆ. ಆಗುವುದಿಲ್ಲ. ಕಾಲರ್ ದಾಟುವುದೇ 144, ನೀವು 180 ಹತ್ತಿಸಿದರೂ ಹೊರಗೆ ಬರುವುದು ಅಷ್ಟೇ. ಜಾಸ್ತಿ ಬೇಕಿದ್ದರೆ ಕಾಲರ್‌ಗೆ ಮೂರನೇ ಸ್ಟೇಷನ್ ಸೇರಿಸಿ, ಆಗ ಗಂಟೆಗೆ 216 ದಾಟಿಸಬಹುದು.

ಇನ್ನೊಂದು, ಆಲ್ಟರ್ ಪೀಸ್, ಅಂದರೆ ತಪ್ಪು ಸರಿಮಾಡಲು ವಾಪಸ್ ಬರುವ ಪೀಸ್. ಚೆಕ್ಕಿಂಗ್‌ನಿಂದ ವಾಪಸ್ ಬಂದದ್ದು ಹೊಲಿದವರ ಹತ್ತಿರವೇ ಹೋಗಲಿ ಎಂದು ಕಂಟ್ರೋಲರ್‌ನಲ್ಲಿ, ಅಂದರೆ ಯಾವ ಹ್ಯಾಂಗರ್ ಯಾವ ಸ್ಟೇಷನ್‌ಗೆ ಎಂದು ನಡೆಸುವ ಕಂಪ್ಯೂಟರ್‌ನಲ್ಲಿ, ರೂಲ್ ಬರೆಯುತ್ತೀರಿ, ಒಳ್ಳೆಯದು. ಅವರು ಸ್ಟೇಷನ್‌ನಲ್ಲಿ ಇಲ್ಲದಿದ್ದರೆ? ನಾನು ನೋಡಲು ಹೋದ ಒಂದು ಕಡೆ ಆ ಹೆಂಗಸು ಊರಿನ ಭೂತಕೋಲಕ್ಕೆಂದು ಮಧ್ಯಾಹ್ನ ರಜೆ ಹಾಕಿ ಹೋಗಿದ್ದರು. ಅವರ 14 ಆಲ್ಟರ್ ಪೀಸ್ ಸಂಜೆವರೆಗೆ ಸುತ್ತುತ್ತಲೇ ಇದ್ದವು, ಯಾರೂ ನೋಡಿರಲಿಲ್ಲ. ಹಾಗಾಗಿ ಪ್ರತಿ ರೂಲ್‌ಗೂ ‘ಆಗದಿದ್ದರೆ ಎಲ್ಲಿಗೆ’ ಎಂಬುದನ್ನು ಬರೆಯಲೇಬೇಕು: ಅವರಿಲ್ಲದಿದ್ದರೆ ಅದೇ ಕೆಲಸದ ಇನ್ನೊಂದು ಸ್ಟೇಷನ್, ಅದೂ ತುಂಬಿದ್ದರೆ ಮೂರು ಸುತ್ತಿನ ನಂತರ ಸೂಪರ್‌ವೈಸರ್ ಎದುರಿನ ಸ್ಟೇಷನ್. ಸ್ಟೇಷನ್‌ನಲ್ಲಿ 10 ಜಾಗ ಇದ್ದರೆ ಹೊಸ ಪೀಸಿಗೆ 8 ಮಾತ್ರ ಕೊಡಿ, ಎರಡು ಆಲ್ಟರ್‌ಗೆ ಇರಲಿ. ಮತ್ತೆ, ರೂಲ್‌ಗಳನ್ನು ಮೇಲಿನಿಂದ ಕೆಳಗೆ ಓದಿ, ಮೊದಲು ಹೊಂದಿದ್ದನ್ನೇ ಹಿಡಿಯುವ ಕಂಟ್ರೋಲರ್ ನಿಮ್ಮದಾದರೆ ಆಲ್ಟರ್ ರೂಲ್ ಮೇಲೆ ಇರಬೇಕು, ‘ಎಲ್ಲ ಶರ್ಟ್’ ಎನ್ನುವ ರೂಲ್ ಕೊನೆಗೆ. ಉಲ್ಟಾ ಇಟ್ಟರೆ ಆಲ್ಟರ್ ರೂಲ್ ಇದ್ದೂ ಇಲ್ಲದ ಹಾಗೆ.

ಪ್ರಶ್ನೆ: ಬೇರೆ ಫ್ಯಾಕ್ಟರಿಯಲ್ಲಿ ಓಡುತ್ತಿರುವ ರೂಲ್ ಫೈಲ್ ಹಾಕಿಕೊಡುತ್ತೇವೆ, ಸಾಫ್ಟ್‌ವೇರೇ ಎಲ್ಲ ಸರಿತೂಗಿಸುತ್ತದೆ ಎಂದು ಒಬ್ಬರು ಬಂದಿದ್ದಾರೆ. ತೆಗೆದುಕೊಳ್ಳಬಹುದಾ?

ಉತ್ತರ: ಬಾಗಿಲಿನಿಂದಲೇ ಕಳಿಸಿ. ನಿಮ್ಮ ಟೈಲರ್‌ಗಳ ಕೈವೇಗ ನೋಡದೆ, ಗಡಿಯಾರ ಹಿಡಿದು ಒಂದು ದಿನವೂ ಲೈನಿನ ಪಕ್ಕ ನಿಲ್ಲದೆ ರೂಲ್ ಬರೆಯುವವನು ರೋಗಿಯನ್ನು ನೋಡದೆ ಔಷಧ ಕೊಡುವವನಿಗೆ ಸಮ. ಸಾಫ್ಟ್‌ವೇರ್ ನೀವು ಕೊಟ್ಟ ಸಮಯವನ್ನು ನಂಬುತ್ತದೆ. 50 ಸೆಕೆಂಡಿನ ಕೆಲಸಕ್ಕೆ 35 ಎಂದು ಬರೆದಿದ್ದರೆ ಅದು ಏನು ಸರಿತೂಗಿಸೀತು?

ಪ್ರಶ್ನೆ: ಒಂದೇ ಕೆಲಸಕ್ಕೆ ಎರಡು ಮೂರು ಸ್ಟೇಷನ್ ಇದ್ದರೆ ಹ್ಯಾಂಗರನ್ನು ಸರದಿ ಪ್ರಕಾರ ಕಳಿಸುವುದಾ, ಕ್ಯೂ ಕಮ್ಮಿ ಇರುವಲ್ಲಿಗಾ?

ಉತ್ತರ: ಕ್ಯೂ ಕಮ್ಮಿ ಇರುವಲ್ಲಿಗೆ. ಎಲ್ಲರ ಕೈ ಒಂದೇ ವೇಗದಲ್ಲಿ ಓಡುವುದಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಹ್ಯಾಂಗರಿನ ಗುರುತಿನ ಟ್ಯಾಗನ್ನು ರೀಡರ್ ಓದುವುದಿಲ್ಲ. ಎಲ್ಲ ಟ್ಯಾಗ್ ಬದಲಿಸಲಾ?

ಉತ್ತರ: ಮೊದಲು ರೀಡರ್‌ನ ಕನೆಕ್ಟರ್ ಬಿಚ್ಚಿ ನೋಡಿ, ನಮ್ಮ ಕಡಲ ಗಾಳಿಗೆ ತಾಮ್ರ ಹಸಿರು ಹಿಡಿದಿರಬಹುದು. ಅಲ್ಲಿಯವರೆಗೆ ಓದಲಾಗದ ಹ್ಯಾಂಗರ್ ಬೇರೆ ಒಂದು ಸ್ಟೇಷನ್‌ನಲ್ಲಿ ಇಳಿಯಲಿ. ಅಂದಾಜಿನ ಮೇಲೆ ಮುಂದೆ ಕಳಿಸಬೇಡಿ, M ಸೈಜಿನ ಮೈಗೆ L ಕಾಲರ್ ಕೂತುಬಿಡುತ್ತದೆ.

ಪ್ರಶ್ನೆ: ಲೈನ್ ಓಡುತ್ತಿರುವಾಗಲೇ ರೂಲ್ ಬದಲಿಸಬಹುದಾ?

ಉತ್ತರ: ಬೇಡ. ಹಳೆ ಸ್ಟೈಲ್ ನಂಬರ್ (ಹ್ಯಾಂಗರ್ ಯಾವ ದಾರಿಯಲ್ಲಿ ಹೋಗಬೇಕೆಂದು ಹೇಳುವ ನಂಬರ್) ಹಾಗೇ ಇರಲಿ, ಹೊಸದಕ್ಕೆ ಹೊಸ ನಂಬರ್ ಕೊಡಿ, ಮೇಲಿರುವ ಹ್ಯಾಂಗರ್‌ಗಳು ಹಳೆ ದಾರಿಯಲ್ಲೇ ಮುಗಿಯಲಿ. ಹೊಸ ನಂಬರಿನ ಒಂದೇ ಒಂದು ಹ್ಯಾಂಗರ್ ಬಿಟ್ಟು, ಅದರ ಜೊತೆ ನೀವೇ ನಡೆದು ಕೊನೆಯ ಸ್ಟೇಷನ್‌ವರೆಗೆ ನೋಡಿ.