ಶರಾವತಿ ಹಿನ್ನೀರಲ್ಲಿ ಈಜೋಕೆ ಯಾವ ತಿಂಗಳು ಒಳ್ಳೇದು? ಡಿಸೆಂಬರ್‌ನಲ್ಲಿ ನೀರು ತುಂಬಾ ತಣ್ಣಗಿರುತ್ತಾ?

ಕ್ರಿಸ್‌ಮಸ್ ರಜೆಗೆ ಮಕ್ಕಳನ್ನ ಕರೆದುಕೊಂಡು ಹೊನ್ನೇಮರಡು ಕಡೆ ಬರಬೇಕು ಅಂತಿದ್ದೀರಿ. ಅಪಾರ್ಟ್‌ಮೆಂಟಿನ ಈಜುಕೊಳ ಬಿಟ್ಟರೆ ಬೇರೆಲ್ಲೂ ಈಜಿ ಗೊತ್ತಿಲ್ಲ, ನೀರು ಕೊರೆಯುವ ಹಾಗಿದ್ದರೆ ಏಪ್ರಿಲ್‌ಗೆ ಮುಂದೂಡುತ್ತೇನೆ ಅಂತ ಬರೆದಿದ್ದೀರಿ. ನಾನು ಸಾಗರ ಸೀಮೆಯವನು, ಈಜು ಕಲಿತದ್ದೇ ಲಿಂಗನಮಕ್ಕಿ ಹಿನ್ನೀರಿನಲ್ಲಿ. ನನ್ನ ಮಾತು ಕೇಳುವುದಾದರೆ ಡಿಸೆಂಬರ್‌ಗೇ ಬನ್ನಿ. ಏಪ್ರಿಲ್‌ನಲ್ಲಿ ನೀರು ಬೆಚ್ಚಗಿರುತ್ತದೆ, ಸುಳ್ಳಲ್ಲ. ಆದರೆ ಇಳಿಯುವ ಜಾಗ ಕೆಟ್ಟಿರುತ್ತದೆ.

ಮೊದಲು ಚಳಿಯ ವಿಷಯ ಮುಗಿಸಿಬಿಡೋಣ. ಡಿಸೆಂಬರ್‌ನಲ್ಲಿ ಬೆಳಗ್ಗೆ ಆರೂವರೆಗೆ ದಡದಲ್ಲಿ ನಿಂತರೆ ಹಲ್ಲು ಕಟಕಟ ಅನ್ನುತ್ತದೆ. ಎದುರಿಗೆ ನೋಡಿದರೆ ಹಂಡೆಯ ನೀರು ಕಾದ ಹಾಗೆ ಹಿನ್ನೀರಿನ ಮೇಲೆ ಹಬೆ ಆಡುತ್ತಿರುತ್ತದೆ. ಗಾಳಿಗಿಂತ ನೀರು ಬೆಚ್ಚಗಿದೆ ಅನ್ನೋದಕ್ಕೆ ಅದೇ ಸಾಕ್ಷಿ. ಕಾಲಿಟ್ಟರೆ ಹಿತವಾಗಿಯೇ ಇರುತ್ತದೆ. ನಡುಗುವುದು ಮೇಲೆ ಬಂದಾಗ, ಒದ್ದೆ ಮೈಗೆ ಗಾಳಿ ತಾಗಿದಾಗ. ಹಾಗಾಗಿ ಮಕ್ಕಳನ್ನ ಹನ್ನೊಂದರ ಬಿಸಿಲಿಗೆ ಇಳಿಸಿ, ಮೂರು ಮೂರೂವರೆಗೆ ಮೇಲೆ ಕರೆಸಿ.

ಒಂದು ವರ್ಷ ಹಠಕ್ಕೆ ಬಿದ್ದು ಮೀನಿನ ತೊಟ್ಟಿಗೆ ಹಾಕುವ ಥರ್ಮಾಮೀಟರ್ ತಂದು ಅಳೆದಿದ್ದೆ. ಬರೀ ದಾರ ಕಟ್ಟಿ ಇಳಿಬಿಟ್ಟರೆ ಪ್ರಯೋಜನವಿಲ್ಲ, ಎಳೆದುಕೊಳ್ಳುವಾಗ ಮೇಲಿನ ನೀರು ತಾಗಿ ಲೆಕ್ಕ ಬದಲಾಗುತ್ತದೆ. ಅದಕ್ಕೇ ಅಗಲ ಬಾಯಿಯ ಬಾಟಲಿಯೊಳಗೆ ಅದನ್ನಿಟ್ಟು, ಬುಡಕ್ಕೆ ಕಲ್ಲು ಕಟ್ಟಿ ಮುಳುಗಿಸಿ, ಹತ್ತು ನಿಮಿಷ ಬಿಟ್ಟು ಸರ್ರನೆ ಎಳೆದು ನೋಡುತ್ತಿದ್ದೆ. ದೋಣಿಯಲ್ಲಿ ಜೊತೆಗಿದ್ದವನು, 'ಜ್ವರ ಎಷ್ಟಿದೆ ಮಾರಾಯ?' ಅಂತ ಪ್ರತಿ ಸಲವೂ ಕೇಳುತ್ತಿದ್ದ. ಜನವರಿ ಬೆಳಗ್ಗೆ 23ರ ಆಸುಪಾಸು, ಮಧ್ಯಾಹ್ನಕ್ಕೆ 25. ಏಪ್ರಿಲ್ ಮಧ್ಯಾಹ್ನ ಮೇಲ್ಗಡೆ 30 ದಾಟುತ್ತಿತ್ತು. ಸ್ಪರ್ಧೆಯ ಈಜುಕೊಳಗಳನ್ನ 25ರಿಂದ 28 ಡಿಗ್ರಿಯಲ್ಲಿ ಇಡುತ್ತಾರೆ, ಅದರ ಪಕ್ಕ ಇಟ್ಟು ನೋಡಿ. ನಮ್ಮ ಚಳಿಗಾಲದ ನೀರು ಅದಕ್ಕಿಂತ ಒಂದೆರಡು ಡಿಗ್ರಿ ಕಡಿಮೆ, ಅಷ್ಟೇ. ದೊಡ್ಡವರು ಅರ್ಧ ಗಂಟೆ ಈಜಲು ಏನೂ ತೊಂದರೆಯಿಲ್ಲ. ಸಣ್ಣ ಮಕ್ಕಳ ಮೈ ಬೇಗ ತಣ್ಣಗಾಗುತ್ತದೆ. ತುಟಿ ನೀಲಿಯಾಗುವವರೆಗೆ ಕಾಯಬೇಡಿ, ಕಾಲು ಗಂಟೆಗೊಮ್ಮೆ ಕರೆದು ಒರೆಸಿ.

ಬೇಸಿಗೆಯ ನೀರಿಗೆ ಇನ್ನೊಂದು ಗುಣವಿದೆ. ಮೇಲೆ ಮಲಗಿ ಈಜುವಾಗ ಉಗುರುಬೆಚ್ಚಗೆ. ನಿಲ್ಲೋಣ ಅಂತ ಕಾಲು ಇಳಿಬಿಟ್ಟರೆ ಯಾರೋ ಪಾದ ಹಿಡಿದ ಹಾಗೆ ತಣ್ಣಗೆ. ಬಿಸಿಲಿಗೆ ಕಾದ ನೀರು ಹಗುರ, ಮೇಲೇ ತೇಲುತ್ತದೆ. 30 ಡಿಗ್ರಿ ಹತ್ತಿರ ಇರುವಾಗ ಒಂದೆರಡು ಡಿಗ್ರಿ ವ್ಯತ್ಯಾಸವಿದ್ದರೂ ಸಾಕು, ಎರಡು ಪದರ ಸುಲಭಕ್ಕೆ ಬೆರೆಯುವುದಿಲ್ಲ. ಗೊತ್ತಿಲ್ಲದವರು ಆ ತಣ್ಣನೆಗೆ ಗಾಬರಿಯಾಗಿ ನೀರು ಕುಡಿಯುತ್ತಾರೆ. ಡಿಸೆಂಬರ್‌ನಲ್ಲಿ ಈ ಕಾಟ ಕಡಿಮೆ. ರಾತ್ರಿ ತಣಿದ ಮೇಲ್ನೀರು ಕೆಳಗಿಳಿದು ಕಲಸಿಕೊಳ್ಳುವುದರಿಂದ ಈಜುವಷ್ಟು ಆಳದಲ್ಲಿ ಎಲ್ಲ ಹೆಚ್ಚುಕಮ್ಮಿ ಒಂದೇ ಹದ.

ಇನ್ನು ನೀವು ಕೇಳದೇ ಇದ್ದದ್ದು, ಕೇಳಬೇಕಾಗಿದ್ದದ್ದು: ಡ್ಯಾಮಿನಲ್ಲಿ ನೀರು ಎಷ್ಟಿದೆ? ಇದು ಹುಟ್ಟಾ ಕೆರೆಯಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಿದ ಗುಡ್ಡ, ಕಾಡು, ಗದ್ದೆ, ಊರುಗಳ ಮೇಲೆ ನಿಂತ ನೀರು. ಪೂರ್ಣಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮಳೆ ಚೆನ್ನಾಗಿ ಹಿಡಿದ ವರ್ಷ ಆಗಸ್ಟ್ ಸೆಪ್ಟೆಂಬರ್ ಹೊತ್ತಿಗೆ ಹತ್ತಿರ ಹತ್ತಿರ ತುಂಬುತ್ತದೆ. ಆಮೇಲೆ ಕರೆಂಟಿಗೆ ನೀರು ಬಿಟ್ಟ ಹಾಗೆಲ್ಲ ಇಳಿಯುತ್ತಾ ಹೋಗಿ ಮೇ ಕೊನೆಗೆ ತಳ ಕಾಣಿಸುತ್ತದೆ. ದಿನಪತ್ರಿಕೆಯಲ್ಲಿ ಜಲಾಶಯಗಳ ಮಟ್ಟ ಅಂತ ಸಣ್ಣ ಪಟ್ಟಿ ಬರುತ್ತದಲ್ಲ, ಹವಾಮಾನದ ಆ್ಯಪ್ ನೋಡುವ ಬದಲು ಅದನ್ನ ನೋಡಿ.

ಮಟ್ಟ ಇಳಿದ ಮೇಲೆ ದಡ ಅಂದರೆ ಬೋಳು ಕೆಂಪು ಇಳಿಜಾರು, ಅದರ ಕೆಳಗೆ ಮೊಣಕಾಲುದ್ದ ಕೆಸರು. ಅದಾದರೂ ತೊಳೆದುಕೊಳ್ಳಬಹುದು. ಅಪಾಯ ಇರುವುದು ಕೊರಡುಗಳಲ್ಲಿ. ನೀರಡಿ ಗಾಳಿಯಾಡದೆ ಮರ ಬೇಗ ಕೊಳೆಯುವುದಿಲ್ಲ. ಅರವತ್ತು ವರ್ಷದ ಹಿಂದಿನ ಬೊಡ್ಡೆಗಳು ಇವತ್ತಿಗೂ ಕಬ್ಬಿಣದ ಹಾಗೆ ನಿಂತಿವೆ. ಡಿಸೆಂಬರ್‌ನಲ್ಲಿ ಎಷ್ಟೋ ಕಡೆ ಅವು ನಿಮ್ಮ ಕಾಲಿಗೆ ಸಿಗದಷ್ಟು ಆಳದಲ್ಲಿರುತ್ತವೆ. ಏಪ್ರಿಲ್‌ನಲ್ಲಿ ಅದೇ ಬೊಡ್ಡೆ ನೀರಿಗಿಂತ ಒಂದು ಗೇಣು ಕೆಳಗೆ ಬಂದು ಕೂತಿರುತ್ತದೆ, ಮೇಲಿಂದ ಏನೂ ಕಾಣುವುದಿಲ್ಲ. ಪಿಯುಸಿ ಪರೀಕ್ಷೆ ಮುಗಿದ ಖುಷಿಗೆ ನಾನು ಓಡಿ ಬಂದು ಹಾರಿದ್ದು ಅಂಥದ್ದರ ಮೇಲೆ. ಮೊಣಕಾಲಿಗೆ ಏಳು ಹೊಲಿಗೆ. ತಲೆ ಮೊದಲು ಹಾರಿದ್ದರೆ ಈ ಉತ್ತರ ಬರೆಯುತ್ತಿರಲಿಲ್ಲ. ಯಾವ ತಿಂಗಳಾದರೂ ಸರಿ, ಹಾರಬೇಡಿ. ನಡೆದುಕೊಂಡೇ ಇಳಿಯಿರಿ.

ಬರಗಾಲದ ಬೇಸಿಗೆಯಲ್ಲಿ ಇನ್ನೂ ಏನೇನೋ ಮೇಲೆ ಬರುತ್ತವೆ. ಹಳೇ ಮನೆಗಳ ಪಾಯ, ಗದ್ದೆಯ ಅಂಚು, ಬಾವಿಯ ಬಾಯಿ. ಜೋಗದ ವಿದ್ಯುತ್ತಿಗಾಗಿ 1948ರಷ್ಟು ಹಿಂದೆಯೇ ನೀರು ಒದಗಿಸಲು ಶುರುಮಾಡಿದ್ದ ಹಿರೇಭಾಸ್ಕರ ಅಣೆಕಟ್ಟೇ ಇಡಿಯಾಗಿ ಈ ನೀರಿನಡಿ ಇದೆ, ನೀರು ತೀರಾ ಇಳಿದರೆ ಎದ್ದು ಕಾಣುತ್ತದೆ. ನೋಡಲು ಬೇಕಾದರೆ ಬೇಸಿಗೆಯಲ್ಲಿ ಇನ್ನೊಮ್ಮೆ ಬನ್ನಿ, ಚಪ್ಪಲಿ ಬೇಡ, ಗಟ್ಟಿ ಶೂ ಹಾಕಿಕೊಂಡು.

ಜೂನ್‌ನಿಂದ ಸೆಪ್ಟೆಂಬರ್ ಲೆಕ್ಕಕ್ಕೇ ಇಲ್ಲ. ಕೆಂಪು ನೀರು, ತೇಲಿ ಬರುವ ದಿಮ್ಮಿ, ಯಾವ ಹಳ್ಳ ಯಾವಾಗ ಬರುತ್ತದೋ ಗೊತ್ತಾಗುವುದಿಲ್ಲ. ಅಕ್ಟೋಬರ್‌ನಲ್ಲಿ ನೀರು ತುಂಬಿರುತ್ತದೆ, ಆದರೆ ಇನ್ನೂ ಕದಡಿರುತ್ತದೆ. ತಿಳಿಯಾಗುವುದು ನವೆಂಬರ್ ಹೊತ್ತಿಗೆ.

ತುಂಬಿದ ನೀರಿನದ್ದೂ ಒಂದು ಎಚ್ಚರಿಕೆ ಹೇಳಬೇಕು. ಸಮುದ್ರದಂಡೆಯ ಹಾಗೆ ನಿಧಾನ ಆಳವಾಗುವುದಿಲ್ಲ. ಗುಡ್ಡದ ಓರೆ ಅದು, ನಾಲ್ಕು ಹೆಜ್ಜೆ ಸೊಂಟದವರೆಗೆ ಇದ್ದು ಐದನೆಯದಕ್ಕೆ ನೆಲವೇ ಸಿಗುವುದಿಲ್ಲ. ಈಜುಕೊಳದಲ್ಲಿ ಐವತ್ತು ಸುತ್ತು ಹೊಡೆಯುವವರಿಗೂ ಲೈಫ್ ಜಾಕೆಟ್ ಬೇಕು. ಹಿಡಿದುಕೊಳ್ಳಲು ಇಲ್ಲಿ ಗೋಡೆ ಇಲ್ಲ. ಎದುರಿನ ದ್ವೀಪ ಕೈಗೆಟುಕುವಷ್ಟು ಹತ್ತಿರ ಕಾಣುತ್ತದೆ, ಅದು ಕಣ್ಣಿನ ಮೋಸ. ಊರಿನ ಜಲಕ್ರೀಡೆ ಕಲಿಸುವವರಿಗೆ ಮುಂಚೆ ಫೋನ್ ಮಾಡಿ, ಅವರು ತೋರಿಸಿದ ಕಡೆ ಮಾತ್ರ ಇಳಿಯಿರಿ. ಸಿಗಂದೂರಿಗೆ ಹೋಗುವವರು ದಾರಿಯಲ್ಲಿ ಸುಮ್ಮನೆ ಕಾರು ನಿಲ್ಲಿಸಿ ಇಳಿಯುವುದನ್ನ ನೋಡಿದರೆ ನನಗೆ ಹೊಟ್ಟೆ ತೊಳಸುತ್ತದೆ.

ಕೊನೆಯದ್ದು ನೀರಿನದ್ದಲ್ಲ, ದಡಕ್ಕೆ ಹೋಗುವ ದಾರಿಯದ್ದು. ಡಿಸೆಂಬರ್‌ನಿಂದ ಮೇವರೆಗೆ ನಮ್ಮ ಕಡೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು. 2019ರಲ್ಲಿ ಇದೇ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಜನ ಸತ್ತರು. ಹರಡುವುದು ಉಣುಗಿನಿಂದ. ಈಜುಡುಗೆಯಲ್ಲಿ ತರಗೆಲೆಯ ಮೇಲೆ ನಡೆಯುವುದು, ಅಲ್ಲೇ ಟವೆಲ್ ಹಾಸಿ ಮಲಗುವುದು ಬೇಡ. ಬಟ್ಟೆಯನ್ನ ಪೊದೆಯ ಮೇಲೆ ಹಾಕದೆ ಚೀಲದೊಳಗೇ ಇಡಿ. ಸಂಜೆ ಬಿಸಿನೀರಿನ ಸ್ನಾನಕ್ಕೆ ಮೊದಲು ಮಕ್ಕಳ ಕಿವಿಯ ಹಿಂದೆ, ಕಂಕುಳು, ಸೊಂಟದ ಎಲಾಸ್ಟಿಕ್ ಇದ್ದ ಜಾಗ ಬೆಳಕಿನಲ್ಲಿ ನೋಡಿ. ವಾಪಸು ಹೋದ ಮೇಲೆ ಜ್ವರ ಬಂದರೆ, ಮಲೆನಾಡಿನ ಕಾಡಂಚಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ನೀವೇ ಹೇಳಬೇಕು. ಬೆಂಗಳೂರಿನಲ್ಲಿ ಅವರಾಗಿ ಕೇಳುವುದು ಅಪರೂಪ.

ಮಕ್ಕಳ ವಯಸ್ಸು ನೀವು ಬರೆದಿಲ್ಲ. ಹತ್ತರೊಳಗಿನವರಾದರೆ ಜಾಕೆಟ್ ಅವರ ಅಳತೆಯದ್ದೇ ಇದೆಯಾ ಅಂತ ಫೋನಿನಲ್ಲೇ ಕೇಳಿ. ದೊಡ್ಡವರದ್ದು ಹಾಕಿದರೆ ನೀರಿನಲ್ಲಿ ಜಾಕೆಟ್ ಮೇಲೆ, ಮಗು ಕೆಳಗೆ.