ಭಜನೆಯ ಪುಟ ನಿಲ್ಲುವುದಿಲ್ಲ

ಓದುಗರ ಪತ್ರ: ದೇವರನ್ನು ನೆಚ್ಚಿದವರ ಜೀವಕೋಶಗಳು ನಿಧಾನವಾಗಿ ಮುಪ್ಪಾಗುತ್ತವೆಯೇ ಎಂಬ ನಿಮ್ಮ ಹಿಂದಿನ ಸಂಚಿಕೆಯ ಲೇಖನ, ಮೂಢನಂಬಿಕೆಗೆ ತೊಡಿಸಿದ ಬಿಳಿ ಕೋಟು. ಅಮೆರಿಕದ ಕಪ್ಪುಜನ, ಬಿಳಿಜನ, ಗಂಡಸು, ಹೆಂಗಸು ಎಂಬ ಲೆಕ್ಕ ಮುಂಬಯಿಯ ನಮಗೇಕೆ? ಭಜನಾ ಮಂಡಳಿಗಳ ವರದಿಯ ಪುಟವನ್ನೂ ನಿಲ್ಲಿಸಿ.
– ನಿವೃತ್ತ ಬ್ಯಾಂಕ್ ಅಧಿಕಾರಿ, ಡೊಂಬಿವಲಿ

ಸಂಪಾದಕರ ಉತ್ತರ: ರಾಯರೇ, ನಿಮ್ಮ ಸಂಶಯಕ್ಕೆ ಸಲ್ಲಬೇಕಾದ್ದನ್ನು ಮೊದಲೇ ಸಲ್ಲಿಸುತ್ತೇನೆ. ಗಟ್ಟಿಮುಟ್ಟಾಗಿರುವವರೇ ಭಜನೆಗೆ ಹೋಗುತ್ತಾರೆ, ಮಂಡಿನೋವಿನವರು ಮನೆಯಲ್ಲಿ ಉಳಿಯುತ್ತಾರೆ. ಯಾವುದು ಕಾರಣ, ಯಾವುದು ಪರಿಣಾಮ ಎಂದು ಸಮೀಕ್ಷೆಗಳಿಂದ ಖಚಿತವಾಗಿ ಹೇಳಲಾಗದು. ಒಪ್ಪಿದೆ. ಮುಂದಕ್ಕೆ ನಿಮ್ಮ ಜೊತೆ ಬರಲಾರೆ.

ಆ ಕೋಟು ತೊಟ್ಟವರು ಸ್ವಾಮೀಜಿಗಳಲ್ಲ. ಡಿಎನ್‌ಎಯ 353 ತಾಣಗಳಲ್ಲಿ ಅಂಟಿಕೊಳ್ಳುವ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತುಗಳಿಂದ ದೇಹದ ವಯಸ್ಸನ್ನು ಅಂದಾಜಿಸುವ ಬಗೆಯನ್ನು ವಿಜ್ಞಾನಿ ಸ್ಟೀವ್ ಹೋರ್ವಾತ್ 2013ರಲ್ಲಿ ತೋರಿಸಿದರು. ಪಿಂಚಣಿ ಪುಸ್ತಕ ಒಂದು ವಯಸ್ಸು ಹೇಳಿದರೆ ರಕ್ತ ಇನ್ನೊಂದು ಹೇಳಬಹುದು. ಅಮೆರಿಕದ ಕಪ್ಪು ಹೆಂಗಸರ ಮೈಯನ್ನು ಅವಮಾನ, ಕೊರತೆ, ದುಡಿಮೆಗಳು ಬೇಗ ಸವೆಸುತ್ತವೆ ಎಂದು ಸಂಶೋಧಕಿ ಆರ್ಲೀನ್ ಜೆರೊನಿಮಸ್ 1992ರಲ್ಲೇ ವಾದಿಸಿದ್ದರು. ಆ ಜನರಿಗೆ ಚರ್ಚು ಏನಾಗಿದೆ ನೋಡಿ. 1999ರ ಅಧ್ಯಯನವೊಂದರ ಪ್ರಕಾರ, ವಾರಕ್ಕೊಮ್ಮೆಗಿಂತ ಹೆಚ್ಚು ಪ್ರಾರ್ಥನೆಗೆ ಹೋಗುವವರಿಗೂ ಎಂದೂ ಹೋಗದವರಿಗೂ ಆಯುಸ್ಸಿನಲ್ಲಿ ಒಟ್ಟಾರೆ 7 ವರ್ಷಕ್ಕೂ ಮೀರಿದ ಅಂತರ. ಕಪ್ಪುಜನರಲ್ಲಿ ಅದು ಸುಮಾರು 14. ಸವೆದವರಿಗೇ ಆಸರೆ ಹೆಚ್ಚು ಒದಗಿದೆ. ನಸುಕಿನಲ್ಲೆದ್ದು ಡಬ್ಬಿ ಕಟ್ಟಿ, ಫಾಸ್ಟ್ ಲೋಕಲಿನಲ್ಲಿ ಕಾಲೂರಲು ಜಾಗವಿಲ್ಲದೆ ನಿಂತು ಹೋಗಿಬಂದು ಮತ್ತೆ ಒಲೆ ಹಚ್ಚಿದ ಹೆಂಗಸರು ನಿಮ್ಮ ಕಟ್ಟಡದಲ್ಲೂ ಇರಬೇಕಲ್ಲ?

ಎಲ್ಲ ಭಕ್ತಿಯೂ ಒಂದೇ ಫಲ ಕೊಡುವುದಿಲ್ಲ, ನಿಜ. ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಮತ್ತು ಸಂಗಡಿಗರು ಆಸ್ಪತ್ರೆ ಸೇರಿದ್ದ ಸುಮಾರು 600 ವೃದ್ಧರ ಅಧ್ಯಯನವನ್ನು 2001ರಲ್ಲಿ ಪ್ರಕಟಿಸಿದರು. ದೇವರು ತಮ್ಮ ಕೈಬಿಟ್ಟನೆಂದು ಕೊರಗುತ್ತಿದ್ದವರಲ್ಲಿ ಮುಂದಿನ 2 ವರ್ಷಗಳ ಸಾವಿನ ಅಪಾಯ ಹೆಚ್ಚಿತ್ತು. ಬೆಳಗಾದರೆ ಟಿವಿಯಲ್ಲಿ ಶನಿಯನ್ನು ತೋರಿಸಿ ಉಂಗುರ ಮಾರುವವರ ಮೇಲೆ ನಿಮ್ಮ ಕೋಪ ತಿರುಗಲಿ, ನಾನೂ ಕೈಜೋಡಿಸುತ್ತೇನೆ. ವಡಾಲಾದ ನನ್ನ ಅತ್ತಿಗೆಯ ಮಂಡಳಿಯನ್ನು ಮಾತ್ರ ಮುಟ್ಟಬೇಡಿ. ಆಕೆ ಒಂದು ಗುರುವಾರ ಭಜನೆಗೆ ಹೋಗದಿದ್ದರೆ ಸಂಜೆಯೊಳಗೆ ಇಬ್ಬರು ಬಾಗಿಲು ಬಡಿಯುತ್ತಾರೆ, ಒಬ್ಬರ ಕೈಯಲ್ಲಿ ಸಾರಿನ ಪಾತ್ರೆ. ಆಕೆಯ ರಕ್ತದೊತ್ತಡದ ಗುಳಿಗೆಯ ಹೆಸರು ನನಗೆ ಗೊತ್ತಿಲ್ಲ, ಅವರಿಗೆ ಗೊತ್ತು. ಅಮೆರಿಕದ 74,000ಕ್ಕೂ ಹೆಚ್ಚು ದಾದಿಯರ ಮಾಹಿತಿಯನ್ನಾಧರಿಸಿ 2016ರಲ್ಲಿ ಬಂದ ವರದಿಯೂ ಪ್ರಾರ್ಥನೆಗೆ ಹೋಗುವವರ ದೀರ್ಘಾಯುಸ್ಸಿನಲ್ಲಿ ಇಂಥ ಒಡನಾಟದ ಪಾಲನ್ನು ಗುರುತಿಸಿತ್ತು.

ಗಂಡಸರ ಪಾಡು ಬೇರೆ. ಮುಂಬಯಿಯಲ್ಲಿ ನಮ್ಮ ಗಂಡಸರ ಭಜನೆ ಬಹುಮಟ್ಟಿಗೆ ನಡೆದದ್ದು ಲೋಕಲ್ ರೈಲಿನ ಡಬ್ಬದಲ್ಲಿ, ತಾಳ ಹಿಡಿದು, ಸೀಟಿನ ಬೆನ್ನನ್ನೇ ಢೋಲಕಿ ಮಾಡಿಕೊಂಡು. ನಿವೃತ್ತಿಯಾಯಿತು, ಪಾಸಿನ ಅವಧಿ ಮುಗಿಯಿತು, ಮಂಡಳಿಯೂ ಮುಗಿಯಿತು. ಆಮೇಲೆ ಸೋಫಾ, ರಿಮೋಟು ಮತ್ತು ಸಂಪಾದಕರಿಗೆ ಪತ್ರ. ನೀವು ಮುನಿಸಿಕೊಳ್ಳುವುದಿಲ್ಲವೆಂಬ ಧೈರ್ಯದಿಂದ ಬರೆದಿದ್ದೇನೆ. ಇಷ್ಟು ಶ್ರದ್ಧೆಯಿಂದ ಓದಿ ಜಗಳಕ್ಕೆ ಬರುವವರು ಈಗ ಎಷ್ಟು ಮಂದಿ ಉಳಿದಿದ್ದಾರೆ?

ನನ್ನ ನಿಜವಾದ ತಕರಾರು ಕಟ್ಟಡ ಕಟ್ಟುವವರ ಮೇಲೆ. ಮಾಟುಂಗ, ವಡಾಲಾಗಳ ಹಳೆಯ ಕಟ್ಟಡಗಳು ಒಂದೊಂದಾಗಿ ನೆಲಕ್ಕುರುಳುತ್ತಿವೆ. ಹೊಸ ಗೋಪುರಗಳಲ್ಲಿ ಜಿಮ್ ಇದೆ, ಈಜುಕೊಳವಿದೆ, ನಾಯಿಗೆ ಅಡ್ಡಾಡಲು ಹುಲ್ಲುಹಾಸೂ ಇದೆ. ಇಪ್ಪತ್ತು ಮುದುಕಿಯರು ಚಾಪೆ ಹಾಸಿ ಕೂತು ಹಾಡಲು ಒಂದು ಕೋಣೆ ಇಲ್ಲ. ಇದ್ದರೆ ಗಂಟೆಗಿಷ್ಟು ಬಾಡಿಗೆ, ಮೇಲೆ ಸದ್ದಿನ ಬಗ್ಗೆ ಸೊಸೈಟಿಯ ನೋಟಿಸು. ಬ್ಯಾಂಕಿನಲ್ಲಿ ಕರಾರುಪತ್ರಗಳನ್ನು ಸಾಲುಸಾಲಾಗಿ ಓದಿ ಪಳಗಿದವರು ನೀವು. ಪುನರ್ನಿರ್ಮಾಣದ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಅಂಥದೊಂದು ಕೋಣೆಯನ್ನು ಬಾಡಿಗೆಯಿಲ್ಲದೆ ಬರೆಸಿಕೊಳ್ಳುವುದು ಹೇಗೆಂದು ವಿವರವಾಗಿ ಬರೆದು ಕಳುಹಿಸಿ. ಭಜನೆಯ ಪುಟದಲ್ಲೇ ಅಚ್ಚು ಹಾಕಿಸುತ್ತೇನೆ.