ಅಲ್ಟ್ರಾಸೆಂಟ್ರಿಫ್ಯೂಜ್ (ದ್ರಾವಣವನ್ನು ಅತಿ ವೇಗವಾಗಿ ತಿರುಗಿಸುವ ಯಂತ್ರ) ಸೆಲ್‌ನ ಸೆಂಟರ್‌ಪೀಸ್, ಅಂದರೆ ಎರಡು ಕಿಟಕಿಗಳ ನಡುವೆ ದ್ರವ ಹಿಡಿದಿಡುವ ಬಿಲ್ಲೆಯನ್ನು, ನಾವೇ 3ಡಿ ಪ್ರಿಂಟ್ ಮಾಡಿಕೊಂಡರೆ ದುಡ್ಡು ಉಳಿಯುತ್ತಾ? ಯಾವ ರೆಸಿನ್ (ಪ್ರಿಂಟರಿಗೆ ಹಾಕುವ, ಬೆಳಕಿಗೆ ಗಟ್ಟಿಯಾಗುವ ದ್ರವ) ಒಳ್ಳೆಯದು?

ನಾನೂ ಹೀಗೇ ರೆಸಿನ್ ಹಿಂದೆ ಬಿದ್ದಿದ್ದೆ. ಪಿಎಚ್‌ಡಿಯ ಮೂರನೇ ವರ್ಷ. ಲ್ಯಾಬಿನಲ್ಲಿದ್ದ ಎಪಾನ್ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಸೆಂಟರ್‌ಪೀಸ್ ಗೀರು ಬಿದ್ದು ಹಾಳಾಗಿತ್ತು, ಹೊಸದಕ್ಕೆ ದುಡ್ಡಿರಲಿಲ್ಲ. 2016ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್‌ನವರು ಪ್ರಿಂಟ್ ಮಾಡಿದ ಸೆಂಟರ್‌ಪೀಸ್ ಬಗ್ಗೆ ಪೇಪರ್ ಬರೆದಿದ್ದರು. ಅದನ್ನು ಓದಿ ಧೈರ್ಯ ಬಂತು. ನಾನು ಮಾಡಿದ್ದು 12 ಮಿಲಿಮೀಟರ್ ದಪ್ಪ, ಎರಡು ಸೆಕ್ಟರ್ (ದ್ರವ ತುಂಬುವ ಪುಟ್ಟ ಖಾನೆ). ಪ್ರಿಂಟ್ ಚೆನ್ನಾಗೇ ಬಂತು.

ಎಡವಿದ್ದು ಆಮೇಲೆ. ಕಣ್ಣಿಗೆ ಸಪಾಟಾಗಿ ಕಂಡಿತು ಅಂತ ಎರಡೂ ಮುಖಗಳನ್ನು ಉಜ್ಜದೆ, ಹಾಗೇ ಕ್ವಾರ್ಟ್ಜ್ ಕಿಟಕಿ ಕೂರಿಸಿಬಿಟ್ಟೆ. ಪ್ರಿಂಟರ್ ಪದರದ ಮೇಲೆ ಪದರ ಇಡುತ್ತದೆ. ಪ್ರಿಂಟ್ ಆಗುವಾಗ ಆಸರೆಗೆ ಇದ್ದ ಸಪೋರ್ಟ್ ಕಿತ್ತ ಕಡೆ ಸಣ್ಣ ಉಬ್ಬು ಉಳಿಯುತ್ತದೆ. ಯುವಿ ಬೆಳಕಿನಲ್ಲಿ ಕ್ಯೂರ್ ಮಾಡುವಾಗ, ಅಂದರೆ ಗಟ್ಟಿ ಮಾಡುವಾಗ, ಅಂಚು ಕೂದಲೆಳೆಯಷ್ಟು ಮೇಲೇಳಬಹುದು. ಬೆರಳಾಡಿಸಿದರೆ ಏನೂ ತಿಳಿಯುವುದಿಲ್ಲ. ಕ್ವಾರ್ಟ್ಜ್ ಬಗ್ಗುವುದಿಲ್ಲ, ನಡುವೆ ಗ್ಯಾಸ್ಕೆಟ್ ಕೂಡ ಇಲ್ಲ. ಹಾಗಾಗಿ ಆ ಸಂದು ಹಾಗೇ ಉಳಿಯುತ್ತದೆ. 50,000 ಆರ್‌ಪಿಎಂನಲ್ಲಿ ಸೆಲ್ ತಳದ ದ್ರವದ ಮೇಲೆ ಗುರುತ್ವದ ಸುಮಾರು ಎರಡು ಲಕ್ಷ ಪಟ್ಟು ಬಲ, ಹೊರಗೆ ವ್ಯಾಕ್ಯೂಮ್. ಸೋರದೆ ಇರುತ್ತದಾ?

ನೀರು ಹಾಕಿ ಪರೀಕ್ಷೆ ಮಾಡಿದ್ದೆ, ಆದರೆ 3,000 ಆರ್‌ಪಿಎಂನಲ್ಲಿ ಮಾತ್ರ. ಅಲ್ಲಿ ಒಂದು ಹನಿಯೂ ಸೋರಲಿಲ್ಲ. ಸರಿ ಅಂತ ಪ್ರೋಟೀನ್ ಹಾಕಿ ರಾತ್ರಿಯಿಡೀ ಓಡಲು ಬಿಟ್ಟೆ. ಬೆಳಿಗ್ಗೆ, ಓಡುವಾಗಲೇ ಯಂತ್ರ ಕಿಟಕಿಯ ಮೂಲಕ ತೆಗೆದಿದ್ದ ಸ್ಕ್ಯಾನ್ ನೋಡಿದರೆ ಮೆನಿಸ್ಕಸ್‌ನ (ದ್ರವದ ಮೇಲ್ಮೈಯ) ಮೊನಚು ಗೆರೆ ಒಂದೊಂದು ಸ್ಕ್ಯಾನ್‌ಗೂ ಬಲಕ್ಕೆ, ಅಂದರೆ ಸೆಲ್ ತಳದ ಕಡೆಗೆ, ಜರುಗಿತ್ತು. ಅದು ಇದ್ದಲ್ಲೇ ಇರಬೇಕು, ಅಲ್ವಾ? ಸೆಲ್ ಬಿಚ್ಚಿದೆ. ಹಾಕಿದ್ದು 400 ಮೈಕ್ರೋಲೀಟರ್. ಉಳಿದದ್ದು ತಳದಲ್ಲಿ ಒಂದಿಷ್ಟು ತೇವ, ಕಿಟಕಿಯ ಮೇಲೆ ಬಫರ್ (ಪ್ರೋಟೀನ್ ಇದ್ದ ದ್ರಾವಣ) ಉಪ್ಪಿನ ಬಿಳಿ ಗೆರೆ. ಆರು ವಾರ ಕೂತು ಶುದ್ಧ ಮಾಡಿದ ಪ್ರೋಟೀನ್ ಅದು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಹೇಳ್ತೀನಿ, ರೆಸಿನ್ ಆಮೇಲಿನ ಮಾತು. ದಪ್ಪ ಗಾಜಿನ ಮೇಲೆ ನಯವಾದ ವಾಟರ್ ಪೇಪರ್ (ಸ್ಯಾಂಡ್‌ಪೇಪರ್) ಇಟ್ಟು, ಎರಡೂ ಮುಖಗಳನ್ನು ನೀರು ಹಾಕಿ ಉಜ್ಜಿ. ಮಾರ್ಕರ್‌ನಲ್ಲಿ ಗೀಚಿಕೊಂಡು ಶುರು ಮಾಡಿ, ಗೀಚು ಎಲ್ಲ ಕಡೆ ಒಂದೇ ಸಮ ಅಳಿಯುವ ತನಕ ಬಿಡಬೇಡಿ. ಆಮೇಲೆ ನೀರು ತುಂಬಿದ ಸೆಲ್ ತೂಗಿ, ನಿಮ್ಮ ಪ್ರಯೋಗದ ವೇಗದಲ್ಲೇ, ಅಷ್ಟೇ ಹೊತ್ತು ಓಡಿಸಿ, ಮತ್ತೆ ತೂಗಿ. ತೂಕ ಇಳಿದಿದ್ದರೆ ಆ ಪೀಸ್ ಎಸೆದುಬಿಡಿ.

ದುಡ್ಡು ಉಳಿಸೋಕೆ ಅಂತಾದರೆ ಮಾಮೂಲಿ ಎರಡು ಸೆಕ್ಟರಿನದ್ದನ್ನು ಪ್ರಿಂಟ್ ಮಾಡಲೇಬೇಡಿ. ಪಕ್ಕದ ಲ್ಯಾಬಿನಲ್ಲಿ ಕೇಳಿ ತನ್ನಿ. ಕೊಳ್ಳಲು ಸಿಗದ ಆಕಾರ ಬೇಕಾದಾಗ ಮಾತ್ರ ಪ್ರಿಂಟರ್ ಕಡೆ ಹೋಗಿ. ಸ್ಯಾಂಪಲ್ ತೀರಾ ಕಡಿಮೆ ಇದ್ದು ಸಣ್ಣ ಸೆಕ್ಟರ್ ಬೇಕು ಅನ್ನಿ, ಅಂಥದ್ದಕ್ಕೆ. ಆಗಲೂ ಸೆಕ್ಟರ್ ಗೋಡೆಗಳು, ಸೆಲ್ ಕೂರಿಸಿ ತಿರುಗಿಸುವ ರೋಟರಿನ ನಡುವಿನಿಂದ ಹೊರಟ ಗೆರೆಗಳ ಹಾಗೇ ಇರಬೇಕು. ಡ್ರಾಯಿಂಗ್ ಸುಲಭ ಅಂತ ಸಮಾನಾಂತರ ಮಾಡಿದರೆ ಅಣುಗಳು ಗೋಡೆಗೆ ಬಡಿದು ಗುಂಪುಗೂಡುತ್ತವೆ, ಒಳಗಿನ ದ್ರವ ಕಲಕಿಹೋಗುತ್ತದೆ.